ಮೂಗಿನ ಮೂಲಕ ಗೆಡ್ಡೆ ತೆಗೆಯುವಾಗ ರಕ್ತನಾಳದ ಸ್ಕ್ಯಾನ್ ಬೇಕೇ?

ಶಿಡ್ಲಘಟ್ಟದ ಮಗಳು:
ಅಪ್ಪನ ಬೆರಳಿನ ಬೆಳ್ಳಿಯ ಉಂಗುರವನ್ನು ಹೋದ ತಿಂಗಳು ಅಕ್ಕಸಾಲಿಗರಿಂದ ಕತ್ತರಿಸಿ ತೆಗೆಸಬೇಕಾಯಿತು. ಚಪ್ಪಲಿಯ ಅಳತೆಯೂ ಎಂಟರಿಂದ ಹತ್ತಕ್ಕೆ ಏರಿದೆ. ಅಕ್ರೋಮೆಗಲಿ, ಅಂದರೆ ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಕೈಕಾಲು ದೊಡ್ಡದಾಗುವ ಕಾಯಿಲೆಯಂತೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ. ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ತೆಗೆಯುತ್ತಾರೆ. ಎಂ.ಆರ್.ಐ. ಆಗಿದೆ, ಈಗ ರಕ್ತನಾಳ ಕಾಣುವಂತೆ ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್, ಸಿ.ಟಿ. ಆಂಜಿಯೋಗ್ರಾಮ್ ಕೇಳಿದ್ದಾರೆ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಹೊತ್ತು. ಅದಕ್ಕಾಗಿ ಮತ್ತೆ ಬೆಂಗಳೂರಿಗೆ ಹೋಗಲೇಬೇಕೇ?

ಚಿಂತಾಮಣಿಯ ಔಷಧ ವ್ಯಾಪಾರಿ:
ಬೇಡ ಅನ್ನಿಸುತ್ತದೆ ಅಕ್ಕ. ಗ್ರಂಥಿಯ ಎರಡೂ ಪಕ್ಕದಲ್ಲಿ ಹೋಗುವ, ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ ಎಂ.ಆರ್.ಐ.ಯಲ್ಲೇ ಕಪ್ಪು ಬೊಟ್ಟಿನಂತೆ ಕಾಣುತ್ತದೆ. ಅದಕ್ಕೆ ಪೆಟ್ಟಾಗುವುದು ನೂರು ಜನರಲ್ಲಿ ಒಬ್ಬರಿಗೂ ಇಲ್ಲ. ಆಂಜಿಯೋಗ್ರಾಮ್‌ಗೆ ಚುಚ್ಚುವ ಔಷಧ ಮೂತ್ರಪಿಂಡ ಸೋತವರಿಗೆ ತೊಂದರೆ ಮಾಡಬಹುದು.

ಗೌರಿಬಿದನೂರಿನ ಕಿವಿ-ಮೂಗು ವೈದ್ಯೆ:
ಅಪರೂಪ ನಿಜ. ಆದರೆ ಕ್ಯಾರೋಟಿಡ್ ಹರಿದರೆ ಕ್ಷಣದಲ್ಲಿ ಕ್ಯಾಮೆರಾದ ತುಂಬ ರಕ್ತ, ಜೀವಕ್ಕೇ ಕುತ್ತು. ಅಕ್ರೋಮೆಗಲಿಯಲ್ಲಿ ಕೈಬೆರಳಷ್ಟೇ ಅಲ್ಲ, ಈ ನಾಳವೂ ಹಿಗ್ಗಿ ಸೊಟ್ಟಗಾಗಿ ನಡುವಿಗೆ ಸರಿದಿರಬಹುದು. ಎರಡು ಕ್ಯಾರೋಟಿಡ್‌ಗಳ ನಡುವೆ ಕೆಲವರಲ್ಲಿ ಉಳಿಯುವುದು 4 ಮಿಲಿಮೀಟರ್ ಜಾಗ. ಅಲ್ಲಿ ಕೆಲಸ ಮಾಡುವವರು ಮೊದಲೇ ನೋಡಿಕೊಳ್ಳಬೇಡವೇ?

ಮೂಳೆಯದು ಇನ್ನೊಂದು ವಿಷಯ. ಗ್ರಂಥಿಯ ಮುಂದಿರುವ ಸ್ಫೀನಾಯ್ಡ್ ಸೈನಸ್ ಎಂಬ ಪೊಳ್ಳಿನಲ್ಲಿ ತೆಳು ಗೋಡೆಗಳಿರುತ್ತವೆ. ಗೋಡೆ ನಟ್ಟನಡುವೆ ನಿಲ್ಲದೆ, ಹಲವರಲ್ಲಿ ಓರೆಯಾಗಿ ಹೋಗಿ ಕ್ಯಾರೋಟಿಡ್ ಮೇಲಿನ ಮೂಳೆಗೇ ಅಂಟಿರುತ್ತದೆ. ಆ ಮೂಳೆಯೋ ಮೊಟ್ಟೆಯ ಸಿಪ್ಪೆಯಷ್ಟು ತೆಳು. ಕೆಲವರಲ್ಲಿ ಮೂಳೆಯೇ ಇಲ್ಲ. ನಮ್ಮ ದ್ರಾಕ್ಷಿ ತೋಟದಲ್ಲಿ ತಂತಿಗೆ ಸುತ್ತಿದ ಕುಡಿಯನ್ನು ಜಗ್ಗಿ ನೋಡಿ, ತಂತಿಯೇ ಅಲುಗಾಡುತ್ತದೆ. ಗೋಡೆಯನ್ನು ತಿರುಚಿ ಕಿತ್ತರೂ ಹಾಗೆಯೇ. ಅದನ್ನು ಕತ್ತರಿಸಬೇಕು, ಇಲ್ಲವೇ ಡ್ರಿಲ್‌ನಿಂದ ಸವೆಸಬೇಕು. ಇದು ಸಿ.ಟಿ.ಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಎಂ.ಆರ್.ಐ.ಯಲ್ಲಿ ಅಷ್ಟಿಲ್ಲ.

ಚಿಂತಾಮಣಿಯ ಔಷಧ ವ್ಯಾಪಾರಿ:
ಹಾಗಾದರೆ ಔಷಧವಿಲ್ಲದ ಸಾದಾ ಸಿ.ಟಿ. ಸಾಕಲ್ಲವೇ ಮೇಡಂ? ಈಗ ಉಪಕರಣ ಎಲ್ಲಿದೆ ಎಂದು ಪರದೆಯಲ್ಲಿ ತೋರಿಸುವ ನ್ಯಾವಿಗೇಷನ್ ಯಂತ್ರವೂ ಇದೆ.

ಗೌರಿಬಿದನೂರಿನ ಕಿವಿ-ಮೂಗು ವೈದ್ಯೆ:
ಬೇರೆ ಬಗೆಯ ಸಣ್ಣ ಗೆಡ್ಡೆಯಾಗಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಇವರಿಗೆ ಒಪ್ಪಲಾರೆ. ನ್ಯಾವಿಗೇಷನ್‌ಗೂ ಮೊದಲು ತೆಗೆದ ಚಿತ್ರವೇ ಆಧಾರ. ಅದರಲ್ಲಿ ನಾಳ ಚೆನ್ನಾಗಿ ಮೂಡಿರಬೇಕು.

ನಿವೃತ್ತ ಶುಶ್ರೂಷಕಿ, ಚಿಕ್ಕಬಳ್ಳಾಪುರ:
ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಹಳ ವರ್ಷ ನಿಂತವಳು ನಾನು. ಗ್ರಂಥಿಯ ಹೊದಿಕೆಯನ್ನು ಕೊಯ್ಯುವ ಮೊದಲು ಡಾಕ್ಟರ್ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಕಡ್ಡಿಯ ತುದಿ ತಾಗಿಸುತ್ತಿದ್ದರು. ‘ಸುಯ್ ಸುಯ್’ ಕೇಳಿಸಿದರೆ ನಾಳ ಅಲ್ಲೇ ಇದೆ. ಆ ಸದ್ದಿಗೆ ಕೊಠಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಸಣ್ಣ ನಾಳವನ್ನೂ ಮರೆಯಬೇಡಿ ಮಗಳೇ. ಸ್ಫೀನಾಯ್ಡ್ ಬಾಯಿಯ ಕೆಳಗೆ ಸ್ಫೀನೊಪ್ಯಾಲಟೈನ್ ಅಪಧಮನಿಯ ಕವಲೊಂದು ಮೂಗಿನ ನಡುಗೋಡೆಗೆ ಹೋಗುತ್ತದೆ. ಮಿದುಳಿನ ನೀರು ಸೋರಿದರೆ ಮುಚ್ಚಲು ಬಳಸುವ, ಆ ನಡುಗೋಡೆಯ ಪೊರೆಗೆ ಅದರದ್ದೇ ರಕ್ತ. ಆ ಕವಲಿನಿಂದ ವಾರ ಕಳೆದ ಮೇಲೂ ರಕ್ತ ಸುರಿಯಬಹುದು. ಆಗ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಶಿಡ್ಲಘಟ್ಟದ ಮಗಳು:
ಅಪ್ಪನ ಮೂತ್ರಪಿಂಡದ ಪರೀಕ್ಷೆ ಸರಿಯಾಗಿಯೇ ಬಂದಿದೆ. ಹುಳು ಮನೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಗುರುವಾರ ಹೊರಡುತ್ತೇವೆ. ಆ ಗೋಡೆ ಯಾವ ಕಡೆಗೆ ಅಂಟಿದೆ ಎಂದು ಚಿತ್ರ ತೋರಿಸಿಯೇ ಹೇಳುವಂತೆ ಡಾಕ್ಟರನ್ನು ಕೇಳುತ್ತೇನೆ.