ಹಾಲು ಯಾವ ಕಣದಂಗದಲ್ಲಿ ಆಗುತ್ತದೆ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಮಂಡ್ಯ ತಾಲ್ಲೂಕು):

ಡಾಕ್ಟರ್ ಸರ್ ಅವರಿಗೆ ನಮಸ್ಕಾರ. ಒಂಬತ್ತನೇ ತರಗತಿಗೆ ಪ್ರಾಣಿಕೋಶದ ಪಾಠ ಮಾಡುತ್ತಿದ್ದೇನೆ. ಮೈಟೋಕಾಂಡ್ರಿಯಾ ಶಕ್ತಿಕೇಂದ್ರ, ಲೈಸೋಸೋಮ್ ಆತ್ಮಹತ್ಯಾ ಸಂಚಿ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಕೋಶದೊಳಗಿನ ಈ ಪುಟ್ಟ ಅಂಗಗಳೆಲ್ಲ (ಕಣದಂಗಗಳು) ಒಟ್ಟಿಗೆ ಸೇರಿ ಏನು ಮಾಡುತ್ತವೆ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಸೀಮೆಹಸು ಕಟ್ಟಿರುವ ಹುಡುಗನೊಬ್ಬ ಮಾತ್ರ, ‘ಹಾಗಾದರೆ ಹಾಲು ಯಾವ ಕಣದಂಗದಲ್ಲಿ ಆಗುತ್ತದೆ ಮಿಸ್?’ ಎಂದು ಕೇಳಿದ. ಅವನಿಗೆ ಏನು ಹೇಳಲಿ?

ಉತ್ತರ (ಪಶುವೈದ್ಯರು, ಶರೀರಕ್ರಿಯಾಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಮೈಸೂರು):

ನಮಸ್ಕಾರ ಮೇಡಂ. ಹಾಲು ಒಂದೇ ಕಣದಂಗದಲ್ಲಿ ಆಗುವುದಿಲ್ಲ. ಅದರ ಪ್ರೋಟೀನು, ಸಕ್ಕರೆ, ಕೊಬ್ಬು ಬೇರೆ ಬೇರೆ ಕಡೆ ತಯಾರಾಗಿ, ಎರಡು ಬೇರೆ ದಾರಿಗಳಲ್ಲಿ ಕೋಶದಿಂದ ಹೊರಬರುತ್ತವೆ. ಆ ದಾರಿಯನ್ನು ಹಿಡಿದು ಹೋದರೆ ನಿಮ್ಮ ಪಾಠದ ಬಹುತೇಕ ಭಾಗಗಳು ತಾವಾಗಿಯೇ ಎದುರಾಗುತ್ತವೆ.

ಕೆಚ್ಚಲಿನ ಒಳಗೆ ತೀರಾ ಸಣ್ಣ ಚೀಲಗಳಿದ್ದು, ಪ್ರತಿಯೊಂದರ ಒಳಗೋಡೆಗೆ ಹಾಲು ಸ್ರವಿಸುವ ಕೋಶಗಳ ಒಂದೇ ಪದರ ಇರುತ್ತದೆ. ಆ ಕೋಶದ ಕೋಶಕೇಂದ್ರದಲ್ಲಿ 60 ವರ್ಣತಂತುಗಳಿವೆ. ಅದೇ ಹಸುವಿನ ಚರ್ಮದ ಕೋಶದಲ್ಲಿಯೂ ಅಷ್ಟೇ ಇವೆ. ಆದರೆ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನ ಜೀನ್‌ಗಳು ಕೆಲಸ ಮಾಡುವುದು ಕೆಚ್ಚಲಿನಲ್ಲಿ. ಹಾಗೆಂದು ಉಳಿದ ಜೀನ್‌ಗಳು ಅಲ್ಲಿಂದ ಅಳಿಸಿಹೋಗಿಲ್ಲ ಎಂಬುದಕ್ಕೆ 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯೇ ಸಾಕ್ಷಿ: ಅದನ್ನು ಪಡೆದದ್ದು ಬೆಳೆದ ಕುರಿಯೊಂದರ ಕೆಚ್ಚಲಿನ ಕೋಶದ ಕೋಶಕೇಂದ್ರದಿಂದ.

ಕೇಸೀನ್‌ನ ಸಂದೇಶವನ್ನು ಹೊತ್ತ ಆರ್‌ಎನ್‌ಎ, ಕೋಶಕೇಂದ್ರದ ಪೊರೆಯ ರಂಧ್ರಗಳ ಮೂಲಕ ಹೊರಬಂದು, ಪ್ರೋಟೀನು ಕಟ್ಟುವ ರೈಬೋಸೋಮ್‌ಗಳನ್ನು ಸೇರುತ್ತದೆ. ಈ ರೈಬೋಸೋಮ್‌ಗಳು ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಮೇಲೆ ಅಂಟಿಕೊಂಡಿರುವುದರಿಂದಲೇ ಅದು ಒರಟಾಗಿ ಕಾಣುವುದು. ತಯಾರಾಗುತ್ತಿರುವಾಗಲೇ ಪ್ರೋಟೀನು ಆ ಜಾಲದ ಒಳಕ್ಕೆ ಇಳಿದು, ಮಡಚಿಕೊಂಡು, ಕೋಶಿಕೆಗಳೆಂಬ ಸಣ್ಣ ಪೊರೆಚೀಲಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ ಸಾಗುತ್ತದೆ. ಅಲ್ಲಿ ಅದಕ್ಕೆ ಫಾಸ್ಫೇಟ್ ಸೇರಿ, ಕ್ಯಾಲ್ಸಿಯಂ ಜೊತೆಗೂಡಿ, ಹಾಲಿಗೆ ಬಿಳಿ ಬಣ್ಣ ಕೊಡುವ ಸೂಕ್ಷ್ಮ ಕಣಗಳಾಗುತ್ತವೆ. ಈ ಸ್ರವಿಕೆಯ ದಾರಿಯನ್ನು ಕೋಶವಿಜ್ಞಾನಿ ಜಾರ್ಜ್ ಪಲಾಡೆ ಅವರು ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ, ವಿಕಿರಣಶೀಲ ಗುರುತು ಹಾಕಿದ ಅಮೈನೊ ಆಮ್ಲಗಳ ಜಾಡು ಹಿಡಿದು ತೋರಿಸಿದರು. ಅವರಿಗೂ, ಲೈಸೋಸೋಮನ್ನು ಕಂಡುಹಿಡಿದ ಕ್ರಿಶ್ಚಿಯನ್ ಡಿ ಡುವೆ ಹಾಗೂ ಆಲ್ಬರ್ಟ್ ಕ್ಲಾಡ್ ಅವರಿಗೂ 1974ರ ನೊಬೆಲ್ ಒಟ್ಟಿಗೆ ಬಂತು.

ಗಾಲ್ಗಿಯನ್ನು ‘ಪ್ಯಾಕಿಂಗ್ ವಿಭಾಗ’ ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಯಾರಾಗುವುದೇ ಗಾಲ್ಗಿಯ ಒಳಗೆ. ಅಲ್ಲಿನ ಪೊರೆಯನ್ನು ದಾಟಿ ಹಿಂದಕ್ಕೆ ಬರಲು ಲ್ಯಾಕ್ಟೋಸ್‌ಗೆ ಆಗದು. ಹೀಗಾಗಿ ಅದು ಅಭಿಸರಣೆಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುವುದರಿಂದ, ಹಸು ಎಷ್ಟು ಲೀಟರ್ ಕೊಡುತ್ತದೆ ಎಂಬುದು ಬಹುಮಟ್ಟಿಗೆ ಗಾಲ್ಗಿಯಲ್ಲಿ ಎಷ್ಟು ಲ್ಯಾಕ್ಟೋಸ್ ಆಯಿತು ಎಂಬುದರ ಮೇಲೆ ನಿಂತಿದೆ. ಪ್ರೋಟೀನು, ಲ್ಯಾಕ್ಟೋಸ್, ನೀರು ತುಂಬಿದ ಕೋಶಿಕೆಗಳು ಕೋಶದ ಮೇಲ್ತುದಿಗೆ ಸರಿದು, ಕೋಶದ ಹೊರಪೊರೆಯಾದ ಪ್ಲಾಸ್ಮಾ ಪೊರೆಯೊಂದಿಗೆ ಬೆಸೆದುಕೊಂಡು ತೆರೆದುಕೊಳ್ಳುತ್ತವೆ.

ಕೊಬ್ಬಿನ ದಾರಿ ಬೇರೆ. ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯಲ್ಲಿ ಹುಟ್ಟಿ, ಹನಿಯಾಗಿ ಕೋಶದ್ರವ್ಯಕ್ಕೆ ಬಿದ್ದು, ಗಾಲ್ಗಿಯನ್ನು ಹೊಕ್ಕದೆ ಮೇಲ್ತುದಿಗೆ ಬರುತ್ತದೆ. ಹೊರಬೀಳುವಾಗ ಕೋಶದ ಪ್ಲಾಸ್ಮಾ ಪೊರೆಯನ್ನೇ ಸುತ್ತಿಕೊಂಡು ಹೋಗುತ್ತದೆ. ಹಸಿ ಹಾಲಿನಲ್ಲಿ ಕೊಬ್ಬಿನ ಹನಿಗಳು ಒಂದಕ್ಕೊಂದು ಕೂಡಿ ಎಣ್ಣೆಯಂತೆ ತೇಲದಿರುವುದು ಆ ಪೊರೆಯಿಂದ. ಕಡೆದಾಗ ಪೊರೆ ಹರಿದು ಬೆಣ್ಣೆ ಗಟ್ಟಿಕಟ್ಟುತ್ತದೆ, ಪೊರೆಯ ಚೂರುಗಳಲ್ಲಿ ಬಹುಪಾಲು ಮಜ್ಜಿಗೆಯಲ್ಲಿ ಉಳಿಯುತ್ತವೆ. ಕೋಶದ ಪೊರೆ ಎಂಬುದು ಎಲ್ಲೋ ಪುಸ್ತಕದಲ್ಲಿರುವ ವಸ್ತುವಲ್ಲ ಎಂದು ಮಕ್ಕಳಿಗೆ ಹೇಳಲು ಇದು ಸಾಕು.

ಇಷ್ಟಕ್ಕೂ ಬೇಕಾದ, ಕೋಶಕ್ಕೆ ಶಕ್ತಿ ಕೊಡುವ ಅಣುವಾದ ಎಟಿಪಿಯ ಹೆಚ್ಚಿನ ಪಾಲನ್ನು ಮೈಟೋಕಾಂಡ್ರಿಯಾಗಳು ಒದಗಿಸುತ್ತವೆ. ಚಿತ್ರದಲ್ಲಿ ಎರಡೋ ಮೂರೋ ಬರೆದಿರುತ್ತಾರೆ. ಇಂಥ ದುಡಿಯುವ ಕೋಶದಲ್ಲಿ ಅವು ನೂರಾರು ಇರುತ್ತವೆ.

ಪ್ರಶ್ನೆ (ಹಾಲು ಉತ್ಪಾದಕರ ಸಹಕಾರ ಸಂಘದ ಪರೀಕ್ಷಕರು, ಮದ್ದೂರು ಕಡೆ):

ಸರ್, ಕೆಚ್ಚಲು ಬಾವು ಇದೆಯೇ ಎಂದು ನೋಡಲು ನಾಲ್ಕು ಗುಳಿಗಳ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿ ಆಡಿಸುತ್ತೇವೆ. ಕೆಟ್ಟ ಹಾಲು ಲೋಳೆಯಾಗುತ್ತದೆ. ಅದಕ್ಕೂ ಈ ಪಾಠಕ್ಕೂ ಸಂಬಂಧವಿದೆಯೇ?

ಉತ್ತರ:

ನೇರ ಸಂಬಂಧವಿದೆ. ಸೋಂಕು ತಗುಲಿದ ಕೆಚ್ಚಲಿಗೆ ರಕ್ತದಿಂದ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅವು ಬ್ಯಾಕ್ಟೀರಿಯಾವನ್ನು ಪೊರೆಯಲ್ಲಿ ಸುತ್ತಿ ಒಳಗೆಳೆದುಕೊಂಡ ಮೇಲೆ, ಲೈಸೋಸೋಮ್‌ಗಳು ಬಂದು ಬೆಸೆದುಕೊಂಡು ತಮ್ಮ ಕಿಣ್ವಗಳಿಂದ ಅದನ್ನು ಜೀರ್ಣಿಸುತ್ತವೆ. ಲೈಸೋಸೋಮ್‌ನ ದಿನನಿತ್ಯದ ಕೆಲಸ ಇಂಥದ್ದು. ಹಸುವಿನ ಹಾಲು ಬತ್ತಿಸಿದಾಗ ಸ್ರವಿಸುವ ಕೋಶಗಳಲ್ಲಿ ಉಳಿದ ಹಳೆಯ ಭಾಗಗಳನ್ನು ಕರಗಿಸುವುದೂ ಅದೇ. ‘ಆತ್ಮಹತ್ಯಾ ಸಂಚಿ’ ಎಂಬ ಹೆಸರು ಪರೀಕ್ಷೆಯಲ್ಲಿ ಅಂಕ ತರಬಹುದು, ಕೆಲಸವನ್ನು ಮಾತ್ರ ಮರೆಸುತ್ತದೆ.

ಇನ್ನು ನಿಮ್ಮ ತಟ್ಟೆಯ ಲೋಳೆ. ದ್ರಾವಣದಲ್ಲಿರುವ ಮಾರ್ಜಕವು ಪ್ಲಾಸ್ಮಾ ಪೊರೆಯನ್ನೂ ಕೋಶಕೇಂದ್ರದ ಪೊರೆಯನ್ನೂ ಒಡೆಯುತ್ತದೆ, ಏಕೆಂದರೆ ಎರಡೂ ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳಿಂದಾದವು. ಒಂದೊಂದು ಕೋಶಕೇಂದ್ರದಿಂದಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಹೊರಬಿದ್ದು ಪ್ರೋಟೀನಿನೊಡನೆ ಸಿಕ್ಕುಹಾಕಿಕೊಂಡಾಗ ಹಾಲು ಎಳೆಎಳೆಯಾಗಿ ದಪ್ಪವಾಗುತ್ತದೆ. ಒಂದು ಮಿಲಿಲೀಟರ್‌ನಲ್ಲಿ 2 ಲಕ್ಷಕ್ಕಿಂತ ಹೆಚ್ಚು ಕೋಶಗಳಿದ್ದರೆ ಸಾಮಾನ್ಯವಾಗಿ ಸೋಂಕೆಂದು ಶಂಕಿಸುತ್ತೇವೆ. ನೀವು ತಟ್ಟೆ ಓರೆ ಮಾಡಿ ನೋಡುತ್ತಿರುವುದು, ಬಹುಪಾಲು, ಬಿಳಿ ರಕ್ತಕಣಗಳ ಡಿಎನ್‌ಎಯನ್ನು.

ಪ್ರಶ್ನೆ (ಬಿ.ಎಡ್. ವಿದ್ಯಾರ್ಥಿ, ಮೈಸೂರು):

ಇವುಗಳಲ್ಲಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಏನೇನು ತೋರಿಸಬಹುದು ಸರ್?

ಉತ್ತರ:

ಮೆಥಿಲೀನ್ ಬ್ಲೂ ಹಾಕಿದ ಕೆನ್ನೆಯ ಕೋಶದಲ್ಲಿ ಪೊರೆಯ ಅಂಚು, ಕೋಶದ್ರವ್ಯ, ಕೋಶಕೇಂದ್ರ ಕಾಣುತ್ತವೆ. ಗಾಲ್ಗಿ, ರೈಬೋಸೋಮ್‌ಗಳನ್ನು ಅದರಲ್ಲಿ ಹುಡುಕಬೇಡಿ. ನೀರು ಬೆರೆಸಿದ ಹಾಲಿನ ಹನಿಯನ್ನು 400 ಪಟ್ಟು ವರ್ಧನೆಯಲ್ಲಿ ನೋಡಿದರೆ ಕೊಬ್ಬಿನ ಹನಿಗಳು ದುಂಡಗೆ ಹೊಳೆಯುತ್ತವೆ, ಸರಾಸರಿ 3–4 ಮೈಕ್ರೋಮೀಟರ್. ಕೇಸೀನ್ ಕಣಗಳು ಅದಕ್ಕೆ ಸಿಕ್ಕದಷ್ಟು ಚಿಕ್ಕವು. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲು ಬೇಡ, ಅದರಲ್ಲಿ ಹನಿಗಳನ್ನು ಒಡೆದು ತೀರಾ ಸಣ್ಣದಾಗಿಸಿರುತ್ತಾರೆ. ಆಗತಾನೆ ಕರೆದ ಹಾಲನ್ನು ತರಿಸಿಕೊಳ್ಳಿ.