ಪ್ರಶ್ನೋತ್ತರ: ಹಳೇ ಟ್ವಿನ್ ಕಮಾಂಚೆ ತಗೋಬೇಕು ಅಂತಿದೀವಿ, ಏನೇನು ನೋಡ್ಬೇಕು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಹಾರೋದು ಕಲೀತಿರೋ ಮತ್ತೆ ಸ್ವಂತ ವಿಮಾನ ಇಟ್ಕೊಂಡಿರೋ ಕನ್ನಡದವರ ಈ ಗ್ರೂಪಲ್ಲಿ ಈ ವಾರ ಉತ್ತರ ಕೊಡ್ತಿರೋರು ಓಹಾಯೋದಲ್ಲಿ ಒಂದು ಸಣ್ಣ ಏರ್‌ಪೋರ್ಟಲ್ಲಿ 22 ವರ್ಷದಿಂದ ಪಿಸ್ಟನ್ ವಿಮಾನ ರಿಪೇರಿ ಮಾಡ್ತಿರೋ ನಮ್ಮ ಮೆಕ್ಯಾನಿಕ್ ಸರ್. ವರ್ಷಕ್ಕೊಂದು ಸಲ ಆಗ್ಲೇಬೇಕಾದ ಆನ್ಯುಯಲ್ ಇನ್‌ಸ್ಪೆಕ್ಷನ್‌ಗೆ ಸೈನ್ ಹಾಕೋಕೆ ಎಫ್‌ಎಎ, ಅಂದ್ರೆ ಅಮೆರಿಕದ ವಿಮಾನಯಾನ ಇಲಾಖೆ, ಕೊಡೋ ಅಧಿಕಾರಾನೂ ಅವರಿಗಿದೆ. ಕೇಳಿ.

ಪ್ರಶ್ನೆ (ಡಲ್ಲಾಸ್‌ನಿಂದ): ಸರ್ ನಮಸ್ಕಾರ. ನಾವು ಮೂರು ಜನ ಫ್ರೆಂಡ್ಸ್ ಸೇರಿ 1966ರ ಪೈಪರ್ ಟ್ವಿನ್ ಕಮಾಂಚೆ ಅನ್ನೋ ಎರಡು ಎಂಜಿನ್ ಇರೋ ಸಣ್ಣ ವಿಮಾನ ತಗೋಬೇಕು ಅಂತಿದೀವಿ. ಒಬ್ಬ ಸಿಟಿಜನ್, ನಂದು ಗ್ರೀನ್ ಕಾರ್ಡ್, ಇನ್ನೊಬ್ಬ ಎಚ್1ಬಿ. ಓನರ್‌ಗೆ ವಯಸ್ಸಾಗಿದೆ, ಹಾರೋದು ನಿಲ್ಲಿಸಿದಾರೆ. ವಿಮಾನ ಯಾವಾಗ್ಲೂ ಹ್ಯಾಂಗರ್‌ ಒಳಗೇ ಇತ್ತಂತೆ, ಪೇಂಟ್ ಪಳಪಳ ಅಂತಿದೆ. ಎರಡೂ ಎಂಜಿನ್ 1999ರಲ್ಲಿ ಓವರ್‌ಹಾಲ್ (ಪೂರ್ತಿ ಬಿಚ್ಚಿ ರಿಪೇರಿ) ಆಗಿದೆ, ಆಮೇಲೆ ಬರೀ 640 ಗಂಟೆ ಓಡಿದೆ, ಕಳೆದ ಏಳು ವರ್ಷದಲ್ಲಿ 30 ಗಂಟೆ ಅಷ್ಟೇ. 2000 ಗಂಟೆ ಬಾಳೋ ಎಂಜಿನ್ ಅಲ್ವಾ, ಇನ್ನೂ 1360 ಗಂಟೆ ಕೈಲಿದೆ ಅಂತ ನಮ್ಮ ಲೆಕ್ಕ. ಬೆಲೆನೂ ಕಮ್ಮಿ ಹೇಳ್ತಿದಾರೆ. ಒಳ್ಳೇ ಡೀಲ್ ಅಲ್ವಾ?

ಉತ್ತರ: ನಮಸ್ಕಾರ. ಸದ್ಯ ಅಡ್ವಾನ್ಸ್ ಕೊಟ್ಟಿಲ್ಲ ಅಂದ್ಕೊಂಡು ಹೇಳ್ತೀನಿ, ಕೊಡಬೇಡಿ ಇನ್ನೂ.

ಕಮ್ಮಿ ಓಡಿದೆ ಅಂತ ನೀವು ಖುಷಿ ಪಡ್ತಿದೀರಲ್ಲ, ನನಗೆ ಭಯ ಆಗ್ತಿರೋದೇ ಅದು. ಇದರಲ್ಲಿರೋದು ಲೈಕಮಿಂಗ್ ಐಓ-320, ಒಂದೊಂದು 160 ಹಾರ್ಸ್‌ಪವರ್, ತುಂಬ ಗಟ್ಟಿ ಎಂಜಿನ್, ಆದ್ರೆ ಇದರಲ್ಲಿ ವಾಲ್ವ್ ತೆರೆಸೋ ಕ್ಯಾಮ್‌ಶಾಫ್ಟ್ ಇರೋದು ಪ್ರೊಪೆಲರ್ ತಿರುಗಿಸೋ ಕ್ರ್ಯಾಂಕ್‌ಶಾಫ್ಟ್ ಮೇಲುಗಡೆ. ಎಂಜಿನ್ ನಿಂತಾಗ ಆಯಿಲ್ ಎಲ್ಲ ಕೆಳಗೆ ಇಳಿದು ಹೋಗತ್ತೆ, ಕ್ಯಾಮ್ ಮೇಲೆ ಒಂದು ತೆಳ್ಳನೆ ಪದರ ಉಳಿಯತ್ತೆ, ತಿಂಗಳುಗಟ್ಟಲೆ ನಿಂತರೆ ಅದೂ ಇಳಿದು ಹೋಗಿ ಬರೀ ಕಬ್ಬಿಣಕ್ಕೆ ತೇವ ತಾಗಿ ತುಕ್ಕು ಹಿಡಿಯತ್ತೆ. ಹ್ಯಾಂಗರ್ ಮಳೆ ಬಿಸಿಲು ತಡೆಯತ್ತೆ, ಗಾಳಿಲಿರೋ ತೇವ ತಡೆಯಲ್ಲ. ಇನ್ನು 2000 ಗಂಟೆ ಅಂತೀರಲ್ಲ, ಲೈಕಮಿಂಗ್‌ನೋರು ಅದರ ಜೊತೇಲೇ 12 ವರ್ಷ ಅಂತಾನೂ ಹೇಳಿದಾರೆ. ನಿಮ್ಮದು 1999ರದ್ದು, ಲೆಕ್ಕ ಹಾಕಿ.

ಮೂರು ವರ್ಷದ ಹಿಂದೆ ಇದೇ ಮಾದರಿ ವಿಮಾನ ಒಂದು ಪ್ರೀಬೈಗೆ, ಅಂದ್ರೆ ಕೊಳ್ಳೋ ಮುಂಚೆ ಮಾಡಿಸೋ ತಪಾಸಣೆಗೆ, ಅಂತ ನಮ್ಮ ಹ್ಯಾಂಗರ್‌ಗೆ ಬಂತು. ಸ್ಟಾರ್ಟ್ ಮಾಡಿದ್ರೆ ಹೊಲಿಗೆ ಮೆಷಿನ್ ಥರ ಸದ್ದು. ಕಂಪ್ರೆಷನ್, ಅಂದ್ರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಟ್ಕೊಳತ್ತೆ ಅಂತ, ನೋಡಿದ್ರೆ 80ಕ್ಕೆ 76, 77, ಯಾರಾದ್ರೂ ಸೈನ್ ಹಾಕಿ ಕಳಿಸೋ ಹಾಗಿತ್ತು. ನಾನು ಎಡಗಡೆ ಎಂಜಿನ್ ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬ ಕತ್ತರಿಸಿ, ಒಳಗಿನ ಮಡಿಕೆ ಮಡಿಕೆ ಕಾಗದಾನ ಬಿಡಿಸಿ ಬಿಳೀ ಟವೆಲ್ ಮೇಲೆ ಹರಡಿ ಕಿಟಕಿ ಹತ್ರ ಬೆಳಕಿಗೆ ಹಿಡಿದೆ. ಮಡಿಕೆ ಒಳಗೆ ಸಣ್ಣ ಸಣ್ಣ ಹೊಳೆಯೋ ಚೂರು. ಆಯಸ್ಕಾಂತ ಹತ್ರ ತಂದ ತಕ್ಷಣ ಎದ್ದು ಬಂದು ಅಂಟ್ಕೊಂಡ್ವು, ಅಂದ್ರೆ ಉಕ್ಕು. ತಗೊಳೋರು ಮಾರೋರು ಇಬ್ಬರನ್ನೂ ಒಪ್ಪಿಸಿ ಒಂದು ಸಿಲಿಂಡರ್ ತೆಗೆದು ಟಾರ್ಚ್ ಬಿಟ್ಟು ನೋಡಿದ್ರೆ ಕ್ಯಾಮ್ ಲೋಬ್ (ಕ್ಯಾಮ್‌ನ ಉಬ್ಬು) ಮೈಯೆಲ್ಲ ಹಳೇ ರುಬ್ಬೋ ಕಲ್ಲಿನ ಥರ ಗುಳಿ ಗುಳಿ, ಅದರ ಮೇಲೆ ಕೂರೋ ಲಿಫ್ಟರ್ ಮುಖದಲ್ಲಿ ಚಕ್ಕೆ ಎದ್ದಿತ್ತು. ನಯವಾಗಿ ಕನ್ನಡಿ ಥರ ಇರಬೇಕಾದ ಜಾಗ ಅದು. ಕ್ಯಾಮ್ ಬದಲಾಯಿಸಬೇಕು ಅಂದ್ರೆ ಎಂಜಿನ್ ಹೊರಕವಚ, ಅಂದ್ರೆ ಕ್ರ್ಯಾಂಕ್‌ಕೇಸೇ, ಎರಡು ಭಾಗ ಮಾಡಬೇಕು, ಅಲ್ಲಿವರೆಗೂ ಬಿಚ್ಚಿದ ಮೇಲೆ ಓವರ್‌ಹಾಲ್ ಮಾಡಿಸದೆ ಯಾರೂ ಮುಚ್ಚಲ್ಲ. ಎರಡು ಎಂಜಿನ್ ಅಂದ್ರೆ ಆ ಖರ್ಚು ಎರಡರಷ್ಟು, ಬಹಳ ಸಲ ವಿಮಾನದ ಬೆಲೆ ಹತ್ರ ಹತ್ರ ಬಂದುಬಿಡತ್ತೆ.

ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, 1500 ಗಂಟೆ ಆಗಿದ್ರೂ ಪರವಾಗಿಲ್ಲ, ವರ್ಷಕ್ಕೆ ನೂರು ಗಂಟೆ ಹಾರಿರೋದನ್ನ ತಗೊಳಿ. ನಿಮ್ಮ ಓನರ್‌ಗೆ ಹೇಳಿ ಒಂದೊಂದು ಎಂಜಿನ್‌ಗೆ ಒಂದು ಸಿಲಿಂಡರ್ ತೆಗೆಸಿ ನೋಡಿ. ಒಪ್ಪಲಿಲ್ಲ ಅಂದ್ರೆ ಎರಡೂ ಎಂಜಿನ್ ಸತ್ತಿದೆ ಅಂತಾನೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಹೆಸರಿನ ವಿಷಯ: ಎನ್ ನಂಬರ್ (ಅಮೆರಿಕದ ವಿಮಾನದ ನಂಬರ್) ರಿಜಿಸ್ಟ್ರೇಷನ್‌ಲಿ ಹೆಸರು ಹಾಕಬೇಕು ಅಂದ್ರೆ ಸಿಟಿಜನ್ ಇಲ್ಲಾ ಗ್ರೀನ್ ಕಾರ್ಡ್ ಇರೋರು ಆಗಿರಬೇಕು. ಎಚ್1ಬಿ ಫ್ರೆಂಡ್ ಹೆಸರು ನೇರವಾಗಿ ಬರಲ್ಲ. ಟ್ರಸ್ಟ್, ಕಂಪನಿ ಅಂತ ದಾರಿ ಇದೆ, ಅದಕ್ಕೆ ಏವಿಯೇಷನ್ ವಕೀಲರನ್ನೇ ಕೇಳಿ, ವಾಟ್ಸಾಪ್‌ನಲ್ಲಿ ಯಾರೋ ಹೇಳಿದ್ದು ನಂಬಬೇಡಿ. ಇನ್ನೊಂದು, ನೀವು ಸಿಟಿಜನ್ ಅಲ್ದೇ ಇರೋ ಇಬ್ಬರೂ ಮಲ್ಟಿ ಎಂಜಿನ್ ರೇಟಿಂಗ್‌ಗೆ (ಒಂದಕ್ಕಿಂತ ಹೆಚ್ಚು ಎಂಜಿನ್ ಇರೋ ವಿಮಾನ ಹಾರಿಸೋ ಅರ್ಹತೆಗೆ) ಟ್ರೈನಿಂಗ್ ಶುರು ಮಾಡೋ ಮುಂಚೆ ಅಮೆರಿಕದ ಸಾರಿಗೆ ಭದ್ರತಾ ಇಲಾಖೆ ಟಿಎಸ್‌ಎ ಅನುಮತಿ ತಗೋಬೇಕು. ಅದನ್ನ ಇವತ್ತೇ ಹಾಕಿ.

ಪ್ರಶ್ನೆ (ಡಲ್ಲಾಸ್, ಅವರೇ): ಅಯ್ಯೋ ಸರ್ ಒಳ್ಳೇದಾಯ್ತು ಕೇಳಿದ್ದು. ಓನರ್ ಹೇಳ್ತಾರೆ ತಿಂಗಳಿಗೊಂದು ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ ನಿಲ್ಲಿಸ್ತಿದ್ದೆ ಅಂತ. ಅದು ಸಾಕಾಗಲ್ವಾ? ಎಂಜಿನ್ ಬಿಟ್ಟು ಬೇರೆ ಏನು ನೋಡ್ಬೇಕು?

ಉತ್ತರ: ಅದು ಇನ್ನೂ ಕೆಟ್ಟದ್ದು. ಪೆಟ್ರೋಲ್ ಉರಿದ್ರೆ ನೀರಿನ ಆವಿ ಬರತ್ತೆ, ಅದರಲ್ಲಿ ಸ್ವಲ್ಪ ಕ್ರ್ಯಾಂಕ್‌ಕೇಸ್ ಒಳಗೂ ಇಳಿಯತ್ತೆ, ಹತ್ತು ನಿಮಿಷಕ್ಕೆ ಆಯಿಲ್ ಕಾದು ಆ ನೀರು ಆರಿಹೋಗಲ್ಲ, ಒಳಗೇ ಉಳಿದು ಆಯಿಲ್ ಜೊತೆ ಸೇರಿ ಆಸಿಡ್ ಆಗತ್ತೆ. ಆಕಾಶದಲ್ಲಿ ಆಯಿಲ್ ಟೆಂಪರೇಚರ್ 180 ಫ್ಯಾರನ್‌ಹೀಟ್ ಹತ್ರ ಬಂದು ಅರ್ಧ ಮುಕ್ಕಾಲು ಗಂಟೆ ಅಲ್ಲೇ ನಿಂತರೆ ಮಾತ್ರ ಉಪಯೋಗ. ಹಾರೋಕಾಗಲ್ಲ ಅಂದ್ರೆ ತುಕ್ಕು ತಡೆಯೋ ಪ್ರಿಸರ್ವೇಟಿವ್ ಆಯಿಲ್ ಹಾಕಿ, ಸ್ಪಾರ್ಕ್ ಪ್ಲಗ್ ಜಾಗಕ್ಕೆ ತೇವ ಹೀರೋ ಪ್ಲಗ್ ಹಾಕಿ ಮುಚ್ಚಿಡಿ, ಆಮೇಲೆ ಸ್ಟಾರ್ಟೇ ಮಾಡಬೇಡಿ.

ಉಳಿದಿದ್ದರಲ್ಲಿ ನನಗೆ ಮುಖ್ಯ ಲ್ಯಾಂಡಿಂಗ್ ಗೇರ್. ಇದರ ಗೇರ್‌ಗೆ ಹೈಡ್ರಾಲಿಕ್ ಇಲ್ಲ, ಸೀಟ್ ಮಧ್ಯೆ ನೆಲದ ಕೆಳಗೆ ಒಂದು ಎಲೆಕ್ಟ್ರಿಕ್ ಮೋಟಾರ್, ಅದರಿಂದ ರಾಡು ಕೇಬಲ್ಲು, ಸಹಾಯಕ್ಕೆ ದಪ್ಪ ರಬ್ಬರಿನ ಬಂಜಿ ಹಗ್ಗ. ಆ ರಬ್ಬರ್ ಮೂರು ವರ್ಷ ಇಲ್ಲಾ 500 ಗಂಟೆ, ಯಾವುದು ಮೊದಲು ಬರತ್ತೋ ಆಗ ಬದಲಾಯಿಸ್ಲೇಬೇಕು, ಎಡಿ ಇದೆ, ಅಂದ್ರೆ ಎಫ್‌ಎಎ ಕಡ್ಡಾಯ ಮಾಡಿರೋ ಕೆಲಸ. 1000 ಗಂಟೆಗೊಂದು ಸಲ ಇಡೀ ಗೇರ್ ಬಿಚ್ಚಿ ನೋಡೋದೂ ಅದರಲ್ಲೇ ಇದೆ. ಲಾಗ್‌ಬುಕ್‌ಲಿ ಬಂಜಿ ಬದಲಾಯಿಸಿದ ತಾರೀಖು ಹುಡುಕಿ. ಏಳು ವರ್ಷದಲ್ಲಿ ಎರಡು ಸಲ ಕಾಣಬೇಕು. ಕಾಣಲಿಲ್ಲ ಅಂದ್ರೆ ಆ ಆನ್ಯುಯಲ್‌ಗಳಿಗೆ ಸೈನ್ ಹಾಕಿದೋರು ಸರಿಯಾಗಿ ನೋಡಿಲ್ಲ ಅಂತಾಯ್ತು, ಬೇರೆ ಏನೇನು ಬಿಟ್ಟಿರ್ಬಹುದು ಅಂತ ಯೋಚನೆ ಮಾಡಿ. ಆಮೇಲೆ ಬಾಲದಲ್ಲಿ ಮೂತಿ ಮೇಲೆ ಕೆಳಗೆ ಮಾಡೋ ಸ್ಟೆಬಿಲೇಟರ್‌ನ ಹಾರ್ನ್‌ಗೆ (ಅದನ್ನ ಅಲ್ಲಾಡಿಸೋ ತೋಳಿಗೆ) ಬಿರುಕಿನ ಎಡಿ ಇದೆ, ಆ ಎಂಟ್ರಿನೂ ಹುಡುಕಿ.

ನಿಮ್ಮ ಮೆಕ್ಯಾನಿಕ್ ಕೈಲಿ ವಿಮಾನಾನ ಜ್ಯಾಕ್ ಮೇಲೆ ಎತ್ತಿಸಿ ಗೇರ್ ಮೇಲೆ ಕೆಳಗೆ ಮಾಡ್ಸಿ, ಎಮರ್ಜೆನ್ಸಿ ಹ್ಯಾಂಡಲ್‌ನಲ್ಲಿ ನೀವೇ ಕೈಯಾರೆ ಇಳಿಸಿ ನೋಡಿ. ಮೋಟಾರ್ ಕೊಂಡಿ ಬಿಡಿಸಿ ಲಿವರ್ ತಳ್ಳೋಕೆ ಎಷ್ಟು ಜೋರು ಬೇಕು ಅಂತ ಕತ್ತಲೇಲಿ ಮೋಡದೊಳಗೆ ಮೊದಲನೇ ಸಲ ಗೊತ್ತಾಗಬಾರದು.

ಪ್ರಶ್ನೆ (ಷಾರ್ಲೆಟ್‌ನಿಂದ): ಅಣ್ಣ, ನಮ್ಮನೇವ್ರು ಟ್ವಿನ್ ರೇಟಿಂಗ್ ಮಾಡ್ತಿದಾರೆ. ಒಂದು ಎಂಜಿನ್ ನಿಂತ್ರೂ ಇನ್ನೊಂದು ಇರತ್ತೆ, ಡಬಲ್ ಸೇಫ್ ಅಂತಾರೆ. ಚಳಿಗಾಲದಲ್ಲಿ ಅತ್ತೆ ಮಾವನ್ನ ಕರ್ಕೊಂಡು ಫ್ಲಾರಿಡಾಗೆ ಹೋಗೋ ಪ್ಲಾನ್. ಅತ್ತೆಗೆ 71. ಧೈರ್ಯವಾಗಿ ಕಳಿಸಬಹುದಾ?

ಉತ್ತರ: ತಂಗಿ, ಕೇಳಿದ್ದು ತುಂಬ ಒಳ್ಳೇದು. ಎರಡನೇ ಎಂಜಿನ್ ತಾನಾಗೇ ಕಾಪಾಡಲ್ಲಮ್ಮ. ಒಂದು ಎಂಜಿನ್ ಹೋದ್ರೆ ಶಕ್ತಿ ಅರ್ಧ ಹೋಗತ್ತೆ ಅಂತ ಅನ್ಸತ್ತೆ, ಆದ್ರೆ ಮೇಲೆ ಹತ್ತೋ ತಾಕತ್ತಲ್ಲಿ ಹೆಚ್ಚು ಕಮ್ಮಿ ನೂರಕ್ಕೆ ಎಂಬತ್ತು ಭಾಗ ಹೋಗತ್ತೆ. ಉಳಿದ ಎಂಜಿನ್ ವಿಮಾನಾನ ಒಂದು ಪಕ್ಕಕ್ಕೆ ತಿರುಗಿಸ್ತಾ ಇರತ್ತೆ, ಸ್ಪೀಡ್ ಕಮ್ಮಿ ಆದ್ರೆ ಚುಕ್ಕಾಣಿಗೆ ಅದನ್ನ ತಡೆಯೋ ಬಲ ಇರಲ್ಲ, ವಿಮಾನ ಮಗುಚಿ ಬೀಳತ್ತೆ. ಟ್ವಿನ್ ಕಮಾಂಚೆ ಮೊದಮೊದಲು ಟ್ರೈನಿಂಗ್‌ನಲ್ಲಿ ಹೀಗೇ ಎಷ್ಟೋ ಜನರ ಪ್ರಾಣ ತಗೊಂಡಿದೆ, ಅದಕ್ಕೇ ಆ ಕನಿಷ್ಠ ಸ್ಪೀಡನ್ನ ಗಂಟೆಗೆ 80 ಮೈಲಿಯಿಂದ 90ಕ್ಕೆ ಏರಿಸಿದ್ರು. ಮೀಟರ್ ಮೇಲೆ 105ರಲ್ಲಿ ನೀಲಿ ಗೆರೆ ಇರತ್ತೆ, ಒಂದೇ ಎಂಜಿನ್‌ನಲ್ಲಿ ಹತ್ತೋಕೆ ಆ ಸ್ಪೀಡೇ. ನಿಮ್ಮನೇವ್ರು ರೇಟಿಂಗ್ ಆದ್ಮೇಲೂ ಆರು ತಿಂಗಳಿಗೊಂದು ಸಲ ಇನ್‌ಸ್ಟ್ರಕ್ಟರ್ ಜೊತೆ ಒಂದು ಎಂಜಿನ್ ಅಭ್ಯಾಸ ಮಾಡ್ತಾರಾ ಕೇಳಿ. ಹೂಂ ಅಂದ್ರೆ ನನಗೆ ನೆಮ್ಮದಿ. ಅಭ್ಯಾಸ ಇಲ್ಲದೋರಿಗಿಂತ ಒಂದೇ ಎಂಜಿನ್ ವಿಮಾನ ಚೆನ್ನಾಗಿ ಹಾರಿಸೋರ ಜೊತೆ ನಮ್ಮಮ್ಮನ್ನ ಕಳಿಸ್ತೀನಿ ನಾನು.

ಚಳಿಗಾಲ ಅಂದ್ರಲ್ಲ, ಇದನ್ನ ಮರೀಬೇಡಿ. ಸಿಂಗಲ್ ಎಂಜಿನ್ ವಿಮಾನದಲ್ಲಿ ಮುಂದಿರೋ ಎಂಜಿನ್ ಬಿಸೀನೇ ಕ್ಯಾಬಿನ್‌ಗೆ ಬರತ್ತೆ. ಟ್ವಿನ್‌ನಲ್ಲಿ ಎಂಜಿನ್ ರೆಕ್ಕೆ ಮೇಲೆ, ಹಾಗಾಗಿ ಮೂತಿ ಒಳಗೆ ವಿಮಾನದ ಪೆಟ್ರೋಲನ್ನೇ ಉರಿಸೋ ಒಂದು ಹೀಟರ್ ಇರತ್ತೆ. ಅದರ ಉರಿಯೋ ಕೊಳವೆ ಬಿರುಕು ಬಿಟ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರತ್ತೆ, ವಾಸನೆ ಇಲ್ಲ ಬಣ್ಣ ಇಲ್ಲ, ವಯಸ್ಸಾದೋರು ನಿದ್ದೆ ಬಂತು ಅಂತ ಒರಗ್ತಾರೆ, ನೀವು ಸುಸ್ತಾಗಿದೆ ಅಂದ್ಕೋತೀರಿ. ಕೊಳವೆಗೆ ಗಾಳಿ ತುಂಬಿ ಒತ್ತಡ ನಿಲ್ಲತ್ತಾ ಅಂತ ಮಾಡೋ ಟೆಸ್ಟ್ ಇದೆ, ಆಗಿದೆಯಾ ಅಂತ ಕೇಳಿ. ಅಲಾರಾಂ ಹೊಡೆಯೋ ಡಿಜಿಟಲ್ ಡಿಟೆಕ್ಟರ್ ಒಂದು ತಗೊಂಡು ಅತ್ತೆ ಕೂರೋ ಸೀಟ್ ಹತ್ರಾನೇ ಇಡಿ, ಬಣ್ಣ ಬದಲಾಗೋ ಅಂಟಿಸೋ ಕಾರ್ಡ್ ಬೇಡ.

ತೂಕಾನೂ ನೋಡಿ. ಸೀಟ್ ನಾಲ್ಕಿದೆ ಅಂತ ಎಲ್ಲ ತುಂಬೋಕಾಗಲ್ಲ. ಗ್ರಾಸ್, ಅಂದ್ರೆ ಎಲ್ಲ ಸೇರಿ ಮೀರಬಾರದ ತೂಕ, 3600 ಪೌಂಡ್, ಈಗಿರೋ ವಿಮಾನಗಳು ಖಾಲಿ ಇದ್ದಾಗ್ಲೇ 2400 ಹತ್ರ ತೂಗತ್ವೆ, ರೆಕ್ಕೆಯ 90 ಗ್ಯಾಲನ್ ತುಂಬಿದ್ರೆ 540. ಉಳಿದಿದ್ದು 660 ಪೌಂಡಲ್ಲಿ ನಾಲ್ಕು ಜನ, ಬ್ಯಾಗು, ಅತ್ತೆ ಕಟ್ಕೊಡೋ ಉಪ್ಪಿನಕಾಯಿ ಡಬ್ಬಿ ಎಲ್ಲ ಸೇರಬೇಕು. ಪೆಟ್ರೋಲ್ ಕಮ್ಮಿ ಹಾಕಿ ಮಧ್ಯದಲ್ಲಿ ಒಂದು ಸಲ ಇಳಿಯಿರಿ, ಅತ್ತೆ ಮಾವನಿಗೂ ಎರಡು ಗಂಟೆಗೊಂದು ಸಲ ಕಾಲು ಚಾಚೋಕೆ, ಟಾಯ್ಲೆಟ್‌ಗೆ ಬೇಕೇ ಬೇಕು.

ಪ್ರಶ್ನೆ (ಸ್ಯಾನ್ ಹೋಸೆಯಿಂದ): ಗಂಟೆಗೆ ಪೆಟ್ರೋಲ್ ಎಷ್ಟು ಕುಡಿಯತ್ತೆ ಸರ್? ನಮ್ಮ ರೀಡ್ ಹಿಲ್‌ವ್ಯೂ ಏರ್‌ಪೋರ್ಟಲ್ಲಿ 100ಎಲ್‌ಎಲ್ (ಸೀಸ ಇರೋ ವಿಮಾನದ ಪೆಟ್ರೋಲ್) ಸಿಗಲ್ಲ.

ಉತ್ತರ: ಎರಡೂ ಸೇರಿ ಕ್ರೂಸ್‌ನಲ್ಲಿ 16-17 ಗ್ಯಾಲನ್, ಅದಕ್ಕೆ 160 ನಾಟ್ ಮೇಲೆ ಹೋಗತ್ತೆ. ಟ್ವಿನ್‌ಗಳಲ್ಲಿ ಇಷ್ಟು ಕಮ್ಮಿ ಕುಡಿಯೋದು ಅಪರೂಪ, ಅದಕ್ಕೇ ಇದು ನನಗೆ ಇಷ್ಟ. ನಿಮ್ಮ ಏರ್‌ಪೋರ್ಟಲ್ಲಿ 2022ರ ಜನವರಿಯಿಂದ ಸೀಸ ಇರೋ ಪೆಟ್ರೋಲ್ ಮಾರಾಟ ನಿಲ್ಲಿಸಿದಾರೆ, ಸುತ್ತ ಮನೆಗಳಿವೆ, ಮಕ್ಕಳಿದಾರೆ, ಆ ಕಾಳಜಿ ನ್ಯಾಯವಾದದ್ದೇ. ಸೀಸ ಇಲ್ಲದ್ದು ಹಾಕೋ ಮುಂಚೆ ನಿಮ್ಮ ಎಂಜಿನ್ ಮಾದರಿ, ವಿಮಾನದ ಮಾದರಿ ಎರಡಕ್ಕೂ ಒಪ್ಪಿಗೆಯ ಕಾಗದ ಇದೆಯಾ ನೋಡಿ, ಹಾಕಿದ ಮೇಲೆ ಟ್ಯಾಂಕ್ ಸೀಲು, ಮುಚ್ಚಳದ ಸುತ್ತ ಪೇಂಟು ಪ್ರತಿ ಸಲ ಕೈಯಲ್ಲಿ ಮುಟ್ಟಿ ನೋಡಿ.

ಪ್ರಶ್ನೆ (ಬೆಂಗಳೂರಿಂದ, ವಿದ್ಯಾರ್ಥಿ): ಸರ್ ಇಂಥ ವಿಮಾನಾನ ಅಮೆರಿಕದಿಂದ ಬೆಂಗಳೂರಿಗೆ ಹಾರಿಸ್ಕೊಂಡು ಬರೋಕಾಗತ್ತಾ?

ಉತ್ತರ: ವಿಮಾನಕ್ಕೆ ಆಗತ್ತಪ್ಪ. 1964ರ ಡಿಸೆಂಬರ್‌ನಲ್ಲಿ ಮ್ಯಾಕ್ಸ್ ಕಾನ್ರಾಡ್ ಅನ್ನೋರು ಒಬ್ಬರೇ ಟ್ವಿನ್ ಕಮಾಂಚೆಲಿ ಕೇಪ್‌ಟೌನ್‌ನಿಂದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಎಲ್ಲೂ ಇಳೀದೆ 7,800 ಮೈಲಿ ಮೇಲೆ ಹಾರಿದ್ರು, ಒಳಗೆಲ್ಲ ಹೆಚ್ಚಿನ ಟ್ಯಾಂಕ್ ತುಂಬ್ಕೊಂಡು. ಕಷ್ಟ ಇರೋದು ದಾರೀಲಿ ಅವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಸಿಗೋದು. ನಾನು ಜಕ್ಕೂರಿನ ಬೇಲಿ ಹಿಡ್ಕೊಂಡು ವಿಮಾನ ನೋಡ್ತಾ ಬೆಳೆದವನು, ನಿನ್ನ ಆಸೆ ಅರ್ಥ ಆಗತ್ತೆ. ಅಲ್ಲಿ ಸರ್ಕಾರಿ ಫ್ಲೈಯಿಂಗ್ ಸ್ಕೂಲ್‌ಗೆ ಒಂದು ದಿನ ಹೋಗಿ ಅಲ್ಲಿನ ಎಂಜಿನಿಯರ್‌ಗಳ ಹತ್ರ ಮಾತಾಡು, ಕೇಳಿದ್ರೆ ಹೇಳಿಕೊಡೋ ಜನ ಅವರು.

ಡಲ್ಲಾಸ್: ಸರ್ ಅಪ್‌ಡೇಟ್. ಲಾಗ್‌ಬುಕ್ ಸ್ಕ್ಯಾನ್ ಬಂತು. ಬಂಜಿ ಎಂಟ್ರಿ ಕೊನೇದು ಐದು ವರ್ಷದ ಹಿಂದೆ. ಸಿಲಿಂಡರ್ ತೆಗೆಯೋಕೆ ಓನರ್ ಒಪ್ಪಿದಾರೆ, ಕ್ಯಾಮ್ ಚೆನ್ನಾಗಿದ್ರೆ ಅದರ ಖರ್ಚು ನಮ್ಮದು, ಕೆಟ್ಟಿದ್ರೆ ಅವರದ್ದು ಅಂತ.

ಉತ್ತರ: ಒಳ್ಳೇ ಮನುಷ್ಯರು, ನ್ಯಾಯವಾಗಿ ಮಾತಾಡಿದಾರೆ. ಅದನ್ನೇ ಕಾಗದದ ಮೇಲೆ ಬರೆಸಿ ಸೈನ್ ತಗೊಳಿ. ಬಂಜಿ ಬದಲಾಯಿಸೋವರೆಗೂ ವಿಮಾನ ಹಾರಬಾರದು, ಡೆಮೋ ಫ್ಲೈಟ್ ಕೊಡ್ತೀನಿ ಅಂದ್ರೂ ಹತ್ತಬೇಡಿ. ಪ್ರೀಬೈ ಮಾಡೋ ಮೆಕ್ಯಾನಿಕ್ ಈ ವಿಮಾನಕ್ಕೆ ಹಿಂದೆ ಸೈನ್ ಹಾಕಿದೋರು ಆಗಿರಬಾರದು, ಕಮಾಂಚೆ ಓನರ್‌ಗಳ ಸಂಘ ಇಂಟರ್‌ನ್ಯಾಷನಲ್ ಕಮಾಂಚೆ ಸೊಸೈಟಿಲಿ ಕೇಳಿದ್ರೆ ಟೆಕ್ಸಾಸ್ ಕಡೆ ಈ ಮಾದರಿ ಬಲ್ಲೋರ ವಿಚಾರ ಹೇಳ್ತಾರೆ. ಸಿಲಿಂಡರ್ ತೆಗೆದಾಗ ಲೋಬ್ ಮೇಲೆ ಉಗುರು ಆಡಿಸಿ ನೋಡೋಕೆ ಹೇಳಿ, ಉಗುರಿಗೆ ಸಿಕ್ಕಿಹಾಕ್ಕೊಂಡ್ರೆ ಅಲ್ಲಿಗೆ ನಿಲ್ಲಿಸಿ. ಟಾರ್ಚ್ ಪಕ್ಕದಿಂದ ಹಿಡಿದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.