ಓದುಗರ ಸ್ಪಂದನ: ಪುಟ್ಟ ಹೊಸ ಮನೆಯೋ, ಪೇಟೆಯ ದೊಡ್ಡ ಹಳೇ ಮನೆಯೋ?

ಕಳೆದ ಸಲದ ಸಮಸ್ಯೆ ಹೀಗಿತ್ತು:

ದಾವಣಗೆರೆಯ ನಿಟುವಳ್ಳಿಯಲ್ಲಿ 9 ಸಾವಿರ ಬಾಡಿಗೆಯ ಮನೆಯಲ್ಲಿದ್ದೇವೆ. ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಯಜಮಾನರು ಎಪಿಎಂಸಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿನ ಅತ್ತೆ. ಕೂಡಿಟ್ಟಿದ್ದು 12 ಲಕ್ಷ. ಎರಡು ಮನೆ ನೋಡಿದ್ದೇವೆ. ಎರಡಕ್ಕೂ 42 ಲಕ್ಷದ ಆಸುಪಾಸು ಹೇಳುತ್ತಿದ್ದಾರೆ. ಒಂದು, ಶಾಮನೂರು ಕಡೆಯ ಹೊಸ ಬಡಾವಣೆಯಲ್ಲಿ 20-30ರ ಸೈಟಿನ ಮನೆ. ಕೆಳಗೆ ಹಾಲ್, ಅಡುಗೆಮನೆ, ಒಂದು ರೂಮು, ಬಾತ್‌ರೂಮು. ಮೇಲೆ ಇನ್ನೊಂದು ರೂಮು. ಹಾಲುಕ್ಕಿಸಿ ಒಳಗೆ ಹೋಗುವುದಷ್ಟೇ ಬಾಕಿ. ಇನ್ನೊಂದು, ಹಳೇಪೇಟೆಯಲ್ಲಿ 30-55ರ ಜಾಗದಲ್ಲಿ ಮಣ್ಣಿನ ಛಾವಣಿಯ, ಎಪ್ಪತ್ತು ವರ್ಷದ ಮಾಳಿಗೆ ಮನೆ. ಪಡಸಾಲೆ, ನಡುಮನೆ, ನಾಲ್ಕು ಕೋಣೆ, ಹಿತ್ತಲು, ಬಾವಿ. ಮೂವರು ಅಣ್ಣತಮ್ಮಂದಿರು ಸೇರಿ ಮಾರುತ್ತಿದ್ದಾರೆ. ರಿಪೇರಿ ಬಹಳ ಇದೆ. ಮೇಸ್ತ್ರಿ 6 ಲಕ್ಷ ಸಾಕು ಅಂದಿದ್ದಾರೆ. ಯಜಮಾನರಿಗೆ ಹಳೇದರ ಮೇಲೆ ಕಣ್ಣು, ನನಗೆ ಹೊಸದರ ಮೇಲೆ. ಒಂದು ತಿಂಗಳಿಂದ ಊಟದ ಹೊತ್ತಿಗೆ ಇದೇ ಮಾತು. ಏನು ಮಾಡಲಿ?

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ

ತಂಗಿ, ಮೇಸ್ತ್ರಿ 6 ಲಕ್ಷ ಸಾಕು ಅಂದರು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು. ಬೇಜಾರಾಗಬೇಡಿ. 2016ರಲ್ಲಿ ನಮಗೂ ಒಬ್ಬರು ಅದೇ ಅಂಕಿಯನ್ನು ಅಷ್ಟೇ ಧೈರ್ಯವಾಗಿ ಹೇಳಿದ್ದರು. ಚಿತ್ರದುರ್ಗದಲ್ಲಿ ಕೋಟೆ ಕಡೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನಮ್ಮ ಮನೆ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಾಳಿಗೆ. ಒಳಗೆ ಕಾಲಿಟ್ಟ ದಿನವೇ ನಾನು ಮನಸೋತಿದ್ದೆ. ಕಂಬ, ತೊಲೆಗಳಿಗೆಲ್ಲ ಹಸಿರು ಆಯಿಲ್ ಪೇಂಟ್ ಬಳಿದು ಫಳಫಳ ಅನ್ನಿಸಿದ್ದರು. ಮನೆ ತೋರಿಸುವ ಮುಂಚೆ ಯಾಕೆ ಪೇಂಟ್ ಹೊಡೆಸಿದರು ಅಂತ ಆಗ ಹೊಳೆಯಲಿಲ್ಲ.

ಕೆಲಸ ಶುರುವಾದ ಮೂರನೇ ದಿನ ಮೇಸ್ತ್ರಿ ನನ್ನನ್ನು ಕರೆದರು. ಸ್ಟೂಲ್ ಹತ್ತಿ, ನಡುಮನೆಯ ತೊಲೆಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಜೋರಾಗಿ ಏನಲ್ಲ, ಮಾಗಿದ ಪಪ್ಪಾಯಿಗೆ ಚಾಕು ಹಾಕುವ ಹಾಗೆ. ಹಿಡಿಕೆವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ನಶ್ಯದಂಥ ಕಂದು ಪುಡಿ ಅವರ ಮುಖದ ಮೇಲೇ ಸುರಿಯಿತು. ಆಯಿಲ್ ಪೇಂಟ್ ಒಂದೇ ತೊಲೆಯ ಆಕಾರದಲ್ಲಿ ನಿಂತಿತ್ತು. ಒಳಗೆಲ್ಲ ಗೆದ್ದಲಿನ ಸಂಸಾರ.

ತೊಲೆ ಬದಲಿಸಬೇಕೆಂದರೆ ಅದರ ಮೇಲಿನ ಜಂತೆ, ಮಣ್ಣು ಎಲ್ಲ ಇಳಿಸಬೇಕು. ಮಾಳಿಗೆ ಸೋರದಿರಲಿ ಅಂತ ಮಳೆಗಾಲಕ್ಕೆ ಮೊದಲು ಮೇಲೆ ಚೌಳುಮಣ್ಣು ಹಾಕುತ್ತಾರೆ, ನಿಮಗೆ ಗೊತ್ತಿರಬಹುದು. ಹೊಸದು ಹಾಕುತ್ತಾರೆಯೇ ಹೊರತು ಹಳೇದನ್ನು ಯಾರೂ ತೆಗೆಯುವುದಿಲ್ಲ. ಎಷ್ಟೋ ವರ್ಷದ ಮಣ್ಣು ಅದು. ನಮ್ಮ ಮಾಳಿಗೆಯಿಂದ ಇಳಿದದ್ದು 14 ಟ್ರ್ಯಾಕ್ಟರ್ ಲೋಡ್. ಓಣಿಗೆ ಟ್ರ್ಯಾಕ್ಟರ್ ಬರುವುದಿಲ್ಲ. ಬಾಂಡ್ಲಿಯಲ್ಲಿ ಹೊತ್ತು ರಸ್ತೆ ಮೂಲೆಗೆ ಸುರಿಯಬೇಕು, ಅದಕ್ಕೆ ಬೇರೆ ಆಳು. ನಿಮ್ಮ ಪೇಟೆಯ ಓಣಿ ಎಷ್ಟು ಅಗಲ ಇದೆ, ಅಳೆದಿದ್ದೀರಾ?

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಬಂದು ನಿಂತರು. ಅವರ ಮನೆಯ ತೊಲೆ ನಮ್ಮ ಗೋಡೆಯ ಮೇಲೆ ಕೂತಿತ್ತು! ಹಳೇ ಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುವುದು ಮಾಮೂಲು. ನಾವು ಮುಟ್ಟಿದರೆ ಅವರದು ಬೀಳುತ್ತದೆ. ಆ ಗೋಡೆಯನ್ನು ಹಾಗೇ ಉಳಿಸಿಕೊಂಡು ಈ ಕಡೆ ಬೇರೆ ಪಿಲ್ಲರ್ ಎಬ್ಬಿಸಬೇಕಾಯಿತು. ಅಜ್ಜ ಈಗಲೂ ಸಿಕ್ಕಾಗೆಲ್ಲ ಅವರ ಮನೆಯ ಬಿರುಕು ತೋರಿಸುತ್ತಾರೆ. ಅದು ನಾವು ಬರುವ ಮುಂಚೆಯೂ ಇತ್ತು ಅಂತ ನನಗನ್ನಿಸುತ್ತದೆ, ಇರಲಿ.

6 ಲಕ್ಷ 13 ಆಯಿತು. ಮೂರು ತಿಂಗಳು ಅಂದದ್ದು ಹನ್ನೊಂದು ತಿಂಗಳು. ಅಷ್ಟೂ ದಿನ ಅಲ್ಲಿ ಬಾಡಿಗೆ, ಇಲ್ಲಿ ಕಂತು. ಇದರ ಮೇಲೆ ನಾವೇ ಮಾಡಿಕೊಂಡ ಇನ್ನೊಂದು ತಪ್ಪು, ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದು. ಮಣ್ಣಿನ ಗೋಡೆ ಉಸಿರಾಡಬೇಕು. ಸಿಮೆಂಟ್ ಬಿಡುವುದಿಲ್ಲ, ತೇವ ಒಳಗೇ ನಿಲ್ಲುತ್ತದೆ. ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿ ಉದುರಿತು. ಆಮೇಲೆ ಸುಣ್ಣದ ಗಾರೆ ಮಾಡುವ ವಯಸ್ಸಾದ ಒಬ್ಬರನ್ನು ಹುಡುಕಿ ಮಾಡಿಸಿದೆವು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಹಳೇ ಮನೆ ರಿಪೇರಿಯನ್ನು ಯಾಕೆ ಸೇರಿಸಲಿಲ್ಲವೋ. ಆದರೂ ಸುಳ್ಳು ಹೇಳಲಾರೆ, ನನಗೆ ಪಶ್ಚಾತ್ತಾಪವಿಲ್ಲ. ಏಪ್ರಿಲ್ ತಿಂಗಳ ದುರ್ಗದ ಬಿಸಿಲು ನಿಮಗೆ ಹೇಳಬೇಕಾ? ಮಧ್ಯಾಹ್ನ ನಡುಮನೆಯ ಕಡಪಾ ಕಲ್ಲಿನ ಮೇಲೆ ಬರೀ ನೆಲಕ್ಕೆ ಮಲಗಿದರೆ ಫ್ಯಾನು ಬೇಡ.

ಆದರೆ ನಮ್ಮಲ್ಲಿ ಮಾವ ಇದ್ದರು. ಹನ್ನೊಂದು ತಿಂಗಳು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಸಿಮೆಂಟ್ ಚೀಲ ಎಣಿಸಿದವರು ಅವರು. ನೀವು ಬೆಳಗ್ಗೆ ಶಾಲೆಗೆ, ಯಜಮಾನರು ಮಂಡಿಗೆ. ನಿಮ್ಮಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು ಯಾರು? ಅತ್ತೆಯಾ? ಇನ್ನೂ ಒಂದು ನೋಡಿ. ಹಳೇ ಮನೆಯಲ್ಲಿ ಬಚ್ಚಲು, ಕಕ್ಕಸು ಹಿತ್ತಲಲ್ಲೇ ಇರಬೇಕಲ್ಲ? ರಾತ್ರಿ ಮಳೆಯಲ್ಲಿ ಮೂರು ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು ಅತ್ತೆ ಹೋಗಬೇಕು. ನನ್ನನ್ನು ಕೇಳಿದರೆ ನೀವು ಹೊಸದಕ್ಕೇ ಹೋಗಿ.

— ಗೃಹಿಣಿ, ಚಿತ್ರದುರ್ಗ

ಅಕ್ಕತಂಗಿಯರು ಎಲ್ಲಿ?

ಅಮ್ಮಾ, ಮನೆ ಚೆಂದವೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ 12 ಲಕ್ಷದ ಲೆಕ್ಕ ಮಾತ್ರ ಹೇಳುತ್ತೇನೆ. ಸಾಲದ ಸೆಕ್ಷನ್ನಿನಲ್ಲೇ ತಲೆ ಬೆಳ್ಳಗಾದವನು ನಾನು.

ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದೊಳಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇ 80ರವರೆಗೆ ಮಾತ್ರ ಕೊಡಬಹುದು. 42 ಲಕ್ಷಕ್ಕೆ 33.6 ಲಕ್ಷ. ಉಳಿದ 8.4 ಲಕ್ಷ ನಿಮ್ಮದು. ನೋಂದಣಿ ಖರ್ಚು ಬ್ಯಾಂಕಿನ ಲೆಕ್ಕಕ್ಕೆ ಬರುವುದಿಲ್ಲ, ಅದೂ ನಿಮ್ಮದೇ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇ 7.6ರ ಹತ್ತಿರ. ಅಂದರೆ 3.2 ಲಕ್ಷ. ಕೂಡಿಸಿ ನೋಡಿ, 11.6 ಲಕ್ಷ ಆಯಿತು. ಕೈಯಲ್ಲಿ ಉಳಿದದ್ದು 40 ಸಾವಿರ. ಮೇಸ್ತ್ರಿಯ 6 ಲಕ್ಷ ಎಲ್ಲಿಂದ ತರುತ್ತೀರಿ? ಕೊರಳಲ್ಲಿರುವುದನ್ನು ಅಡ ಇಡುತ್ತೀರಾ? ಕಂತು ಬೇರೆ. ಬಡ್ಡಿ ಶೇ 8 ಅಂತ ಹಿಡಿದರೂ 20 ವರ್ಷದ ಅವಧಿಗೆ ತಿಂಗಳಿಗೆ 28 ಸಾವಿರ ಬರುತ್ತದೆ.

ಅದೂ ಬ್ಯಾಂಕ್ 42ಕ್ಕೇ ಬೆಲೆ ಕಟ್ಟಿದರೆ. ಎಪ್ಪತ್ತು ವರ್ಷದ ಮಾಳಿಗೆ ಮನೆಗೆ ಬ್ಯಾಂಕಿನ ಎಂಜಿನಿಯರ್ ಬಂದರೆ ಜಾಗಕ್ಕಷ್ಟೇ ಬೆಲೆ ಹಾಕಿ ಹೋಗುವುದೇ ಹೆಚ್ಚು. ಸಾಲ ಇನ್ನೂ ಕಡಿಮೆಯಾಗುತ್ತದೆ. ಹಾಗೆ ನೋಡಿದರೆ ನೀವಾದರೂ ಕಟ್ಟಡಕ್ಕೆ ಯಾಕೆ ದುಡ್ಡು ಕೊಡಬೇಕು? ಜಾಗದ ಬೆಲೆಯಲ್ಲಿ ಹಳೇ ಮಾಳಿಗೆ ಇಳಿಸುವ, ಮಣ್ಣು ಹೊರುವ ಖರ್ಚು ಕಳೆದು ಮಾತಾಡಿ.

ಆದರೆ ನನಗೆ ಚುಚ್ಚಿದ್ದು ಬೇರೆ. ಮೂವರು ಅಣ್ಣತಮ್ಮಂದಿರು ಮಾರುತ್ತಿದ್ದಾರೆ ಅಂದಿರಿ. ಅಕ್ಕತಂಗಿಯರ ಸುದ್ದಿಯೇ ಇಲ್ಲವಲ್ಲ? ಎಪ್ಪತ್ತು ವರ್ಷದ ಮನೆ ಅಂದರೆ ಪಿತ್ರಾರ್ಜಿತ ಇದ್ದೀತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಲಿಲ್ಲ ಎಂಬ ನೆಪವೂ ನಡೆಯುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗಪತ್ರ ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಹರಿಹರದಲ್ಲೋ ಹುಬ್ಬಳ್ಳಿಯಲ್ಲೋ ಕೊಟ್ಟಿರುವ ಅಕ್ಕ ನಾಳೆ ಪಾಲಿನ ದಾವೆ ಹಾಕಿದರೆ ನಿಮ್ಮ ಹೊಸ ಗಾರೆ, ಹೊಸ ತೊಲೆ ಎಲ್ಲ ಕೋರ್ಟಿನ ಮೆಟ್ಟಿಲು ಹತ್ತುತ್ತವೆ. ಮನೆಯ ಹೆಣ್ಣುಮಕ್ಕಳೆಲ್ಲರ ಸಹಿ ಕ್ರಯಪತ್ರದಲ್ಲೇ ಇರಬೇಕು, ಇಲ್ಲವೇ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಇರಬೇಕು. ವಂಶವೃಕ್ಷ ಕೇಳಿ. ಇ-ಖಾತೆ ಯಾರ ಹೆಸರಲ್ಲಿದೆ ನೋಡಿ. ಅಜ್ಜನ ಹೆಸರಲ್ಲೇ ಇದ್ದರೆ ಅಡ್ವಾನ್ಸ್ ಕೊಡಬೇಡಿ. ಇಸಿಯನ್ನು (ಋಣಭಾರ ಪತ್ರ) ಹದಿನೈದು ವರ್ಷದ್ದಲ್ಲ, ಮೂವತ್ತು ವರ್ಷದ್ದು ತೆಗೆಸಿ.

— ನಿವೃತ್ತ ಬ್ಯಾಂಕ್ ನೌಕರ, ವಿದ್ಯಾನಗರ, ದಾವಣಗೆರೆ

ಹೊಸ ಮನೆ ಅಂತ ಕಣ್ಣು ಮುಚ್ಚಿ ತಗೋಬೇಡಿ

ನಾನು 26 ವರ್ಷದಿಂದ ಗಾರೆ ಕೆಲಸ ಮಾಡಿಸುತ್ತಿದ್ದೇನೆ. ಇರಲಿಕ್ಕೆ ಕಟ್ಟಿಸಿದ ಮನೆ ಬೇರೆ, ಮಾರಲಿಕ್ಕೆ ಕಟ್ಟಿಸಿದ ಮನೆ ಬೇರೆ ಮೇಡಂ.

ದಾವಣಗೆರೆ ಸುತ್ತ ಗದ್ದೆ, ಹೊಲ ಇದ್ದ ಕಡೆಯೇ ಬಡಾವಣೆ ಎದ್ದಿವೆ. ಕೆಲವು ಕಡೆ ಎರೆಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಪಾಯ ತೆಗೆಯದೆ ಮೇಲಿಂದ ಮೇಲೆ ಕಟ್ಟಿದರೆ ಮನೆಯೂ ಅದರ ಜೊತೆ ಉಸಿರಾಡುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದೆಯಾ ನೋಡಿ. ಅದರಲ್ಲಿ ಒಂದು ರೂಪಾಯಿ ನಾಣ್ಯ ಹೋದರೆ ಆ ಮನೆ ಬೇಡ. ಹೊಸದಾಗಿ ಪುಟ್ಟಿ ಹಾಕಿದ ಗುರುತಿದ್ದರೆ ಯಾಕೆ ಅಂತ ಕೇಳಿ. ಪಕ್ಕದಲ್ಲಿ ಎಲ್ಲಾದರೂ ಪಾಯ ತೋಡುತ್ತಿದ್ದರೆ ಹೋಗಿ ಇಣುಕಿ, ನಿಮ್ಮ ಮನೆ ಕೆಳಗಿನ ಮಣ್ಣೂ ಅದೇ.

ನಾಣ್ಯ ಹೇಗೂ ಕೈಯಲ್ಲಿದೆ, ಟೈಲ್ಸ್ ಮೇಲೂ ತಟ್ಟಿ. ಡಬ್ ಡಬ್ ಅಂದರೆ ಕೆಳಗೆ ಸಿಮೆಂಟ್ ಸರಿಯಾಗಿ ತುಂಬಿಲ್ಲ. ಗೀಸರ್‌ಗೆ 4 ಎಂಎಂ ವೈರ್ ಎಳೆದಿದ್ದಾರಾ, ಅರ್ಥಿಂಗ್ ಇದೆಯಾ, ನಿಮ್ಮದೇ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ ಬಿಚ್ಚಿಸಿ ನೋಡಿ. ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ. ಮೇಲೂ ಬಾತ್‌ರೂಮ್ ಇದ್ದರೆ ಅದರಲ್ಲಿ ನೀರು ಕಟ್ಟಿ ನಿಲ್ಲಿಸಿ ಮಾರನೇ ದಿನ ಕೆಳಗಿನ ಸೀಲಿಂಗ್ ನೋಡಿ. ಇದಕ್ಕೆ ಮಾರುವವರು ಒಪ್ಪದಿದ್ದರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

— ಕಟ್ಟಡ ಗುತ್ತಿಗೆದಾರ, ದಾವಣಗೆರೆ

ಜಾತ್ರೆ ಎರಡು ವರ್ಷಕ್ಕೊಮ್ಮೆ

ನಮ್ಮದು ಅದೇ 20-30. ಮೂರು ವರ್ಷ ಆಯಿತು. ನಿಮ್ಮ ಯಜಮಾನರಿಗೆ ದೊಡ್ಡ ಮನೆ ಯಾಕೆ ಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ನಮ್ಮೆಜಮಾನರದೂ ಅದೇ ರಾಗ. ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದರೆ ಎಲ್ಲಿ ಮಲಗಿಸೋದು? ಬಂದಿದ್ದರು, 23 ಜನ. ಗಂಡಸರು ಟೆರೇಸ್ ಮೇಲೆ, ಮಕ್ಕಳು ಹಾಲ್‌ನಲ್ಲಿ ಅಡ್ಡಡ್ಡ, ನಾವು ಹೆಂಗಸರು ಮಲಗಲೇ ಇಲ್ಲ, ರಾತ್ರಿಯಿಡೀ ಹೋಳಿಗೆ, ಮಾತು. ಬೆಳಗ್ಗೆ ಬಾತ್‌ರೂಮ್ ಮುಂದೆ ಮಾತ್ರ ರೇಷನ್ ಅಂಗಡಿ ಥರ ಕ್ಯೂ. ಅದೂ ಕಳೆಯಿತು. ಜಾತ್ರೆ ಎರಡು ವರ್ಷಕ್ಕೊಮ್ಮೆ ಕಣ್ರೀ, ನಿಮ್ಮ ಅತ್ತೆಯವರ ಮಂಡಿನೋವು ದಿನಾ ಇರುತ್ತಲ್ವಾ? ಕೆಳಗಿನ ರೂಮು ಅವರಿಗೆ ಕೊಟ್ಟುಬಿಡಿ. ಮೇಲಿನ ರೂಮು ಏಪ್ರಿಲ್‌ನಲ್ಲಿ ಕಾದ ಹೆಂಚು, ಅದನ್ನು ಮಾತ್ರ ಮೊದಲೇ ಹೇಳಿರುತ್ತೇನೆ.

— ವಿನೋಬನಗರದ ಒಬ್ಬ ಸೊಸೆ

ನನ್ನ ಓಟು ಹಳೇ ಮನೆಗೆ

ಎಲ್ಲರೂ ಹೊಸದು ತಗೊಳ್ಳಿ ಅಂತಲೇ ಬರೆದಿರುತ್ತಾರೆ ಅಂತ ಗೊತ್ತು. ನಾನು ಹಳೇಪೇಟೆಯಲ್ಲೇ ಬೆಳೆದವನು, ಈಗ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅಡ್ಡ ಮಲಗಿದರೆ ಕಾಲು ಗೋಡೆಗೆ ತಾಗುತ್ತದೆ. 20-30 ಅಂದರೆ 600 ಅಡಿ. 30-55 ಅಂದರೆ 1650. ಅದೇ ದುಡ್ಡಿಗೆ! ಕಟ್ಟಡ ಹಳೇದಾಗುತ್ತದೆ, ಜಾಗ ಆಗುವುದಿಲ್ಲ. ಎಲ್ಲವನ್ನೂ ಒಂದೇ ಸಲ ರಿಪೇರಿ ಮಾಡಬೇಕು ಅಂತ ಯಾರು ಹೇಳಿದರು? ನಡುಮನೆ, ಅಡುಗೆಮನೆ, ಒಂದು ಕೋಣೆ ಸರಿ ಮಾಡಿಸಿ. ಒಂದು ಕೋಣೆಯ ಮೂಲೆಯಲ್ಲೇ ಅತ್ತೆಗೆ ಟಾಯ್ಲೆಟ್ ಮಾಡಿಸಿ. ಉಳಿದ ಕೋಣೆಗೆ ಬೀಗ ಹಾಕಿ, ಕೈಗೆ ದುಡ್ಡು ಬಂದಾಗ ತೆಗೆಯಿರಿ. ನಮ್ಮಪ್ಪ ಹಾಗೇ ಮಾಡಿದ್ದು. ಕೊನೆಯ ಕೋಣೆಯ ಬೀಗ ತೆಗೆದದ್ದು ನಾನು ಪಿಯುಸಿಯಲ್ಲಿದ್ದಾಗ, ಅದರೊಳಗೆ ಹಳೇ ಮಾಲೀಕರ ತೊಟ್ಟಿಲು ಸಿಕ್ಕಿತ್ತು. ಬಾಗಿಲು ತೇಗದ್ದಾ ನೋಡಿ. ಆಗಿದ್ದರೆ ಬಿಡಬೇಡಿ.

— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮಳೆ ಬಂದ ರಾತ್ರಿ ಹೋಗಿ

ನೀವು ಎರಡೂ ಮನೆ ನೋಡಿದ್ದು ಭಾನುವಾರ ಬೆಳಗ್ಗೆ ಇರಬೇಕು, ಅಲ್ವಾ? ಜೋರು ಮಳೆ ಬಂದ ರಾತ್ರಿ ಒಮ್ಮೆ ಹೋಗಿ. ನಾವೂ ನಿಮ್ಮಂತೆ ಹೊಸದೊಂದು, ಹಳೇದೊಂದು ಮನೆ ನೋಡುತ್ತಿದ್ದಾಗ ಹಾಗೇ ಹೋಗಿದ್ದೆವು. ಹೊಸ ಬಡಾವಣೆಯ ರಸ್ತೆಯಲ್ಲಿ ಸ್ಕೂಟರ್ ಅರ್ಧ ಚಕ್ರ ಹೂತು, ಯಾರೋ ಪುಣ್ಯಾತ್ಮರು ಬಂದು ಎತ್ತಿಕೊಟ್ಟರು. ಹಾಗೇ ಒದ್ದೆಯಾಗಿ ಹಳೇ ಮನೆಗೆ ಹೋದರೆ, ಮಾಲೀಕರ ಹೆಂಡತಿ ಪಡಸಾಲೆಯಲ್ಲಿ ಕೊಳಗ, ಬಕೆಟ್, ಚರಿಗೆ ಅಂತ ಏಳು ಪಾತ್ರೆ ಇಟ್ಟುಕೊಂಡು ಕೂತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಿ ಅವನ್ನೆಲ್ಲ ಒಳಗೆ ಎತ್ತಿಡಲು ಶುರು ಮಾಡಿದರು. ನಮ್ಮವರು, "ಇರಲಿ ಬಿಡಿ ಅಕ್ಕ, ಅಲ್ಲೇ ಇರಲಿ, ನೆಲ ಒದ್ದೆಯಾಗುತ್ತದೆ" ಅಂದರು. ಹೊಸ ಬಡಾವಣೆಯ ಮನೆಯನ್ನೇ ತಗೊಂಡೆವು. ರಸ್ತೆಗೆ ಜಲ್ಲಿ ಬೀಳಲು ಎರಡು ವರ್ಷ ಹಿಡಿಯಿತು.

— ಗೃಹಿಣಿ, ದಾವಣಗೆರೆ